ಹೊಸ ವ್ಯಾಪಾರಕ್ಕೆ ಯಾವ ರೂಪ: ಒಬ್ಬರ ಹೆಸರಲ್ಲೇ, ಪಾಲುದಾರಿಕೆ, ಎಲ್‌ಎಲ್‌ಪಿ ಅಥವಾ ಕಂಪನಿ?

ಹೊಸದಾಗಿ ವ್ಯಾಪಾರ ಶುರು ಮಾಡುವವರು ಆಡಿಟರ್ ಮುಂದೆ ಕೂತ ಕೂಡಲೇ ಕೇಳುವುದು, "ಯಾವುದರಲ್ಲಿ ಟ್ಯಾಕ್ಸ್ ಕಮ್ಮಿ ಸಾರ್?" ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಕೊನೆಗೆ. ವರ್ಷದ ಲಾಭ 50 ಲಕ್ಷ ದಾಟದ ವ್ಯಾಪಾರಕ್ಕೆ ತೆರಿಗೆಯೊಂದನ್ನೇ ನೋಡಿ ಕಂಪನಿ ಮಾಡುವುದು ನಷ್ಟದ ಬಾಬತ್ತು. ಲೆಕ್ಕ ಮುಂದೆ ಕೊಟ್ಟಿದೆ. ಅದಕ್ಕೂ ಮೊದಲು ಮೂರು ಸಂಗತಿ ಇತ್ಯರ್ಥ ಆಗಬೇಕು: ದುಡ್ಡು ಯಾರದು, ಸಾಲ ತೀರದಿದ್ದರೆ ಯಾರ ಆಸ್ತಿಗೆ ಕೈ ಹಾಕುತ್ತಾರೆ, ಸರಕು ಕೊಳ್ಳುವವರು ಯಾರು.

ಕೈಗೆ ಸಿಗುವ ಹಾಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರಿನಲ್ಲಿ ಒಂದು ಮರದ ಗಾಣದ ಎಣ್ಣೆ ಘಟಕ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ತೆಗೆದು ಬಾಟಲಿಯಲ್ಲಿ ಮಾರುತ್ತಾರೆ. ಜೊತೆಗೆ ಸುತ್ತಲಿನ ರೈತರು ತಂದ ಕಡಲೆಕಾಯಿಯನ್ನು ಕೂಲಿಗೆ ಆಡಿಸಿಕೊಡುತ್ತಾರೆ. ಮೊದಲ ವರ್ಷ 30 ಲಕ್ಷ, ಎರಡನೆಯ ವರ್ಷ 60 ಲಕ್ಷ ವಹಿವಾಟು ಎಂದುಕೊಳ್ಳಿ. ಆದಾಯ ತೆರಿಗೆಯ ದರ, ಮಿತಿಗಳೆಲ್ಲ 2025-26ರವು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಆದರೂ ಎಲ್ಲರ ಬಾಯಲ್ಲಿ ಓಡಾಡುವುದು ಹಳೆಯ ನಂಬರ್‌ಗಳೇ, ಇಲ್ಲೂ ಅವನ್ನೇ ಬಳಸಿದೆ.

ಮೊದಲು ಮೂರು ಪ್ರಶ್ನೆ

ದುಡ್ಡೆಲ್ಲ ನಿಮ್ಮದೇ ಆಗಿದ್ದರೆ ವಿಷಯ ಸರಳ. ಭಾವನೋ ಸ್ನೇಹಿತನೋ 5 ಲಕ್ಷ ಹಾಕುತ್ತೇನೆ ಎಂದರೆ ಅದು ಸಾಲವೋ ಪಾಲೋ ಅನ್ನುವುದನ್ನು ದುಡ್ಡು ಕೈಗೆ ಬರುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ವ್ಯಾಪಾರ ಕುದುರಿದರೆ ಕೊಟ್ಟವರಿಗೆ ಅದು ಪಾಲು, ಕೈಕೊಟ್ಟರೆ ಸಾಲ. ಬರಹ ಇಲ್ಲದ ಕಡೆ ಜಗಳ ಹುಟ್ಟುವುದು ಇಲ್ಲಿಂದಲೇ. ಸಾಲವಾದರೆ ಬ್ಯಾಂಕ್ ಮೂಲಕವೇ ಬರಲಿ. 20,000 ರೂಪಾಯಿ ಅಥವಾ ಅದಕ್ಕೆ ಮೇಲಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಪಾಲಾದರೆ ಕನಿಷ್ಠ ಪಾಲುದಾರಿಕೆ ಪತ್ರ ಬೇಕು.

ಎರಡನೆಯದು ಅಪಾಯ. ಕೈಸಾಲದ ಮೇಲೆ ದೊಡ್ಡ ಸರಕು ಎತ್ತುತ್ತೀರಾ? ನಿಮ್ಮ ಪದಾರ್ಥದಿಂದ ಗಿರಾಕಿಯ ಆರೋಗ್ಯ ಕೆಟ್ಟರೆ ದಾವೆ ಬೀಳುವಂಥ ಕಸುಬೇ? ಹತ್ತಾರು ಕೆಲಸಗಾರರು ಇರುತ್ತಾರಾ? ಈ ಮೂರಕ್ಕೂ ಇಲ್ಲ ಎಂದಾದರೆ ಲಿಮಿಟೆಡ್ ಎಂಬ ರಕ್ಷಣೆಗೆ (ಹೊಣೆ ಹಾಕಿದ ಬಂಡವಾಳಕ್ಕಷ್ಟೇ ಸೀಮಿತ) ವರ್ಷವರ್ಷವೂ ದುಡ್ಡು ಕಟ್ಟುವ ತುರ್ತು ಇಲ್ಲ.

ಮೂರನೆಯದು ಗಿರಾಕಿ. ಬೀದಿಯ ಮನೆಗಳಿಗೆ, ಊರ ಅಂಗಡಿಗಳಿಗೆ ಮಾರುವವರನ್ನು ನಿಮ್ಮದು ಯಾವ ರೂಪ ಎಂದು ಯಾರೂ ಕೇಳುವುದಿಲ್ಲ. ದೊಡ್ಡ ಸೂಪರ್‌ಮಾರ್ಕೆಟ್ ಸರಣಿಗಳು, ಕಾರ್ಪೊರೇಟ್ ಕ್ಯಾಂಟೀನ್‌ಗಳು ಕೆಲವೊಮ್ಮೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಕಂಪನಿಯೇ ಬೇಕು ಎನ್ನುತ್ತವೆ. ಹೊರಗಿನ ಹೂಡಿಕೆದಾರರು ದುಡ್ಡು ಹಾಕುವುದು ಷೇರು ಸಿಗುವ ಪ್ರೈವೇಟ್ ಲಿಮಿಟೆಡ್‌ಗೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಪ್ರೊಪ್ರೈಟರ್‌ಶಿಪ್‌ಗೆ, ಅಂದರೆ ಒಬ್ಬರ ಹೆಸರಲ್ಲೇ ನಡೆಯುವ ವ್ಯಾಪಾರಕ್ಕೆ, ಸಿಗುವುದೇ ಇಲ್ಲ. ಕೆಲವು ಸಬ್ಸಿಡಿ ಯೋಜನೆಗಳಲ್ಲಿ ಇದಕ್ಕೆ ತದ್ವಿರುದ್ಧ, ವ್ಯಕ್ತಿಗಷ್ಟೇ ಅವಕಾಶ. ಹಾಗಾಗಿ ಸಬ್ಸಿಡಿ ಮೇಲೆ ಕಣ್ಣಿದ್ದರೆ ನೋಂದಣಿಗೆ ಮೊದಲು ಅದರ ಮಾರ್ಗಸೂಚಿ ಓದಿ.

ಪ್ರೊಪ್ರೈಟರ್‌ಶಿಪ್

ಇದಕ್ಕೆ ಪ್ರತ್ಯೇಕ ನೋಂದಣಿ ಅಂತ ಒಂದಿಲ್ಲ. ನಿಮ್ಮ ಪ್ಯಾನ್ ಕಾರ್ಡೇ ವ್ಯಾಪಾರದ ಪ್ಯಾನ್. "ಶ್ರೀ ಮಂಜುನಾಥ ಆಯಿಲ್ಸ್" ಎಂದು ಬೋರ್ಡ್ ಹಾಕಿದರೂ ಕಾನೂನಿನ ಕಣ್ಣಿಗೆ ಅದು ನೀವೇ. ವ್ಯಾಪಾರದ ಸಾಲಕ್ಕೆ ಮನೆ, ಜಮೀನು, ಉಳಿತಾಯ ಎಲ್ಲವೂ ಹೊಣೆ. (ಬೋರ್ಡ್ ವಿಷಯ ಬಂತಲ್ಲ: ರಾಜ್ಯದ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಬರೆಸುವಾಗಲೇ ನೋಡಿಕೊಳ್ಳಿ.)

ಕರೆಂಟ್ ಅಕೌಂಟ್ ತೆರೆಯಲು ಹೋದಾಗ ಮೊದಲ ತೊಡಕು ಎದುರಾಗುತ್ತದೆ. ಪ್ರೊಪ್ರೈಟರ್‌ಶಿಪ್ ಖಾತೆಗೆ ವ್ಯಾಪಾರ ನಡೆಯುತ್ತಿರುವುದಕ್ಕೆ ಎರಡು ದಾಖಲೆ ಕೇಳಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಉದ್ಯಮ್ (ಸಣ್ಣ ಉದ್ಯಮಗಳ ಕೇಂದ್ರ ನೋಂದಣಿ) ಪ್ರಮಾಣಪತ್ರ, ಜಿಎಸ್‌ಟಿ ನೋಂದಣಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ವ್ಯಾಪಾರದ ಹೆಸರಿನ ಕರೆಂಟ್ ಬಿಲ್ಲು, ಇವುಗಳಲ್ಲಿ ಯಾವ ಎರಡಾದರೂ ಸರಿ. ಅತಿ ಸುಲಭದ್ದು ಉದ್ಯಮ್. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ಕೂತಲ್ಲೇ ಆಗುತ್ತದೆ, ಒಂದು ಪೈಸೆ ಶುಲ್ಕ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೊದಲಿಗೆ ಬರುವುದು ಸಾವಿರ, ಎರಡು ಸಾವಿರ ಕೇಳುವ ಖಾಸಗಿ ತಾಣಗಳ ಜಾಹೀರಾತು. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯೇ ನೋಡಿ ಮುಂದುವರಿಯಿರಿ. ಉದ್ಯಮ್ ಇದ್ದವರಿಗೆ ಇನ್ನೊಂದು ಅನುಕೂಲವಿದೆ: ತಯಾರಕರು ಮತ್ತು ಸೇವೆ ಕೊಡುವವರಿಗೆ ಕೊಳ್ಳುವವರು ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ.

ತೆರಿಗೆಯಲ್ಲಿ ಸಣ್ಣವರಿಗೆ ಇದರಷ್ಟು ಹಗುರ ರೂಪ ಇನ್ನೊಂದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ನಿವಾಸಿ ವ್ಯಕ್ತಿಯ ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಇದರ ಮೇಲೆ 44ಎಡಿ ಎಂಬ ಅಂದಾಜು ಲಾಭದ ವ್ಯವಸ್ಥೆ ಇದೆ. ವಹಿವಾಟು 2 ಕೋಟಿಯವರೆಗೆ, ನಗದು ವಸೂಲಿ ಶೇ 5 ಮೀರದಿದ್ದರೆ 3 ಕೋಟಿಯವರೆಗೆ, ಪೂರ್ತಿ ಲೆಕ್ಕಪುಸ್ತಕ ಇಡದೆ ಯುಪಿಐ ಮತ್ತು ಬ್ಯಾಂಕ್ ವಸೂಲಿಯ ಶೇ 6, ನಗದಿನ ಶೇ 8 ಲಾಭ ಎಂದು ತೋರಿಸಬಹುದು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದು ನೀವೇ ಹೆಚ್ಚು ತೋರಿಸಿದರೆ ಅಷ್ಟರ ಮೇಲೆ ತೆರಿಗೆ. ಗಾಣದ ಘಟಕದ 60 ಲಕ್ಷವೂ ಬ್ಯಾಂಕ್ ಮೂಲಕ ಬಂದಿದ್ದರೆ ಕನಿಷ್ಠ 3.6 ಲಕ್ಷ ತೋರಿಸಿದರೆ ಸಾಕು. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಇಲ್ಲ.

ಮೂರು ಎಚ್ಚರಿಕೆ. ಕಮಿಷನ್, ದಲ್ಲಾಳಿ, ಏಜೆನ್ಸಿ ಆದಾಯಕ್ಕೆ ಇದು ಅನ್ವಯಿಸದು. ವೈದ್ಯರು, ವಕೀಲರು, ಎಂಜಿನಿಯರ್‌ಗಳಂಥ ವೃತ್ತಿಯವರಿಗೆ ಬೇರೆ ಸೆಕ್ಷನ್ ಇದೆ, ಅಲ್ಲಿ ಅಂದಾಜು ಲಾಭ ಶೇ 50. ಇನ್ನು, ಒಮ್ಮೆ 44ಎಡಿ ಹಿಡಿದು 5 ವರ್ಷದೊಳಗೆ ಬಿಟ್ಟರೆ ಮುಂದಿನ 5 ವರ್ಷ ಅದಕ್ಕೆ ಮರಳುವಂತಿಲ್ಲ. ಆ ವರ್ಷಗಳಲ್ಲಿ ಆದಾಯ ತೆರಿಗೆಯ ಮೂಲ ಮಿತಿ ದಾಟಿದರೆ ಆಡಿಟ್ ಕಡ್ಡಾಯ. ಬ್ಯಾಂಕ್ ಸಾಲಕ್ಕೆಂದು ಒಂದು ವರ್ಷ ಲಾಭ ಹೆಚ್ಚು ತೋರಿಸಿ, ಮರುವರ್ಷ ಲಾಭ ಕುಸಿಯಿತೆಂದು ಬರೀ ಶೇ 2 ತೋರಿಸುವವರು ಸಿಕ್ಕಿಬೀಳುವುದು ಇಲ್ಲಿ.

ಹೆಚ್ಚಿನವರು ಗಮನಿಸದ ಇನ್ನೊಂದು ಸಲೀಸು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಅದರಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಹಿಂದಿನ ವರ್ಷದ ವ್ಯಾಪಾರ ವಹಿವಾಟು 1 ಕೋಟಿ ದಾಟದ ವ್ಯಕ್ತಿ ಕಟ್ಟಡ ಬಾಡಿಗೆಗೆ, ಗುತ್ತಿಗೆದಾರರಿಗೆ, ಆಡಿಟರ್ ಶುಲ್ಕಕ್ಕೆ ವ್ಯಾಪಾರದ ಲೆಕ್ಕದಲ್ಲಿ ಸಾಮಾನ್ಯವಾಗಿ ಟಿಡಿಎಸ್ ಹಿಡಿಯಬೇಕಿಲ್ಲ. ಪಾಲುದಾರಿಕೆ, ಎಲ್‌ಎಲ್‌ಪಿ, ಕಂಪನಿಗಳಿಗೆ ಈ ವಿನಾಯಿತಿ ಇಲ್ಲ. ಮಿತಿ ದಾಟಿದ ಪಾವತಿಗೆ ಮೊದಲ ದಿನದಿಂದಲೇ ಟಿಡಿಎಸ್ ಹಿಡಿದು, ಟ್ಯಾನ್ (ಟಿಡಿಎಸ್ ಕಟ್ಟುವ ಖಾತೆ ಸಂಖ್ಯೆ) ಪಡೆದು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು.

ಅವಿಭಕ್ತ ಕುಟುಂಬದ ಹೆಸರಲ್ಲಿ, ಅಂದರೆ ಎಚ್‌ಯುಎಫ್ ಆಗಿ ಮಾಡೋಣವೇ ಎಂದು ಕೆಲವರು ಕೇಳುತ್ತಾರೆ. 12 ಲಕ್ಷದವರೆಗಿನ ರಿಯಾಯಿತಿ ಎಚ್‌ಯುಎಫ್‌ಗೆ ಸಿಗುವುದಿಲ್ಲ. ಪಿತ್ರಾರ್ಜಿತ ಬಂಡವಾಳ ಇಲ್ಲದವರು ಆ ದಾರಿಗೆ ಹೋಗದಿರುವುದೇ ಒಳ್ಳೆಯದು.

ಪಾಲುದಾರಿಕೆ: ಪತ್ರದಲ್ಲೇ ಎಲ್ಲ

ಇಬ್ಬರು ಸೇರಿದರೆ 1932ರ ಪಾಲುದಾರಿಕೆ ಕಾಯ್ದೆ. ಗರಿಷ್ಠ 50 ಜನ ಇರಬಹುದು. ಹೊಣೆ ಒಬ್ಬೊಬ್ಬರ ಪಾಲಿಗೆ ಸೀಮಿತವಲ್ಲ, ಪ್ರತಿಯೊಬ್ಬರ ಮೇಲೂ ಪೂರ್ತಿ. ನಿಮ್ಮ ಪಾಲುದಾರ ಫರ್ಮ್ ಹೆಸರಲ್ಲಿ 10 ಲಕ್ಷದ ಕೊಬ್ಬರಿ ಸಾಲಕ್ಕೆ ಎತ್ತಿ ಊರು ಬಿಟ್ಟರೆ ಮಂಡಿಯವರು ಅಷ್ಟನ್ನೂ ನಿಮ್ಮೊಬ್ಬರಿಂದಲೇ ವಸೂಲು ಮಾಡಬಹುದು.

ನೋಂದಣಿ ಕಡ್ಡಾಯವಲ್ಲ. ಹಾಗೆಂದು ಬಿಟ್ಟರೆ 69ನೇ ಸೆಕ್ಷನ್ ಕೈಕಟ್ಟುತ್ತದೆ: ನೋಂದಣಿ ಇಲ್ಲದ ಫರ್ಮ್ ಬಾಕಿ ಉಳಿಸಿಕೊಂಡ ಗಿರಾಕಿ ಮೇಲೆ ಕರಾರಿನ ದಾವೆ ಹೂಡುವಂತಿಲ್ಲ, ಪಾಲುದಾರರು ಪರಸ್ಪರರ ಮೇಲೂ ಹೂಡುವಂತಿಲ್ಲ. ಆದರೆ ಹೊರಗಿನವರು ಫರ್ಮ್ ಮೇಲೆ ಧಾರಾಳವಾಗಿ ಹೂಡಬಹುದು. ಪತ್ರವನ್ನು ಸರಿಯಾದ ಮೌಲ್ಯದ ಛಾಪಾ ಕಾಗದದ ಮೇಲೆ ಮಾಡಿ, ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸಿ. ಕರ್ನಾಟಕದಲ್ಲಿ 2024ರಲ್ಲಿ ಹಲವು ಪತ್ರಗಳ ಮುದ್ರಾಂಕ ಶುಲ್ಕ ಏರಿದೆ. ಬೆರಳಚ್ಚು ಅಂಗಡಿಯಲ್ಲಿ ಹಳೆಯ ಮಾದರಿ ಪತ್ರದ ಜೊತೆ ಹಳೆಯ ಶುಲ್ಕವನ್ನೇ ಹೇಳುತ್ತಾರೆ, ಕಚೇರಿಯಲ್ಲಿ ಕೇಳಿಯೇ ಕಾಗದ ಕೊಳ್ಳಿ.

ಆ ಮಾದರಿ ಪತ್ರದ ಇನ್ನೊಂದು ಕಷ್ಟ, ಅದರಲ್ಲಿ ಮುಖ್ಯವಾದದ್ದು ಇರುವುದಿಲ್ಲ. ಇವಿಷ್ಟು ಇವೆಯೇ ನೋಡಿ:

ಲಾಭ, ನಷ್ಟದ ಪ್ರಮಾಣ. ಬರೆಯದಿದ್ದರೆ ಕಾನೂನು ಸಮಪಾಲು ಎನ್ನುತ್ತದೆ. ನೀವು 15 ಲಕ್ಷ, ಅವರು 2 ಲಕ್ಷ ಹಾಕಿದ್ದರೂ ಅಷ್ಟೇ.

ಬಂಡವಾಳಕ್ಕೆ ಬಡ್ಡಿ ಮತ್ತು ದುಡಿಯುವ ಪಾಲುದಾರರ ಸಂಬಳ. ಪತ್ರದಲ್ಲಿ ದರವೂ ಲೆಕ್ಕದ ರೀತಿಯೂ ಇದ್ದರೆ ಮಾತ್ರ ಇವು ಫರ್ಮ್‌ನ ಖರ್ಚಾಗುತ್ತವೆ. ಬಡ್ಡಿಗೆ ಮಿತಿ ಶೇ 12. ಸಂಬಳಕ್ಕೆ, ಪುಸ್ತಕ ಲಾಭದ (ಪಾಲುದಾರರ ಸಂಬಳ ಕಳೆಯುವ ಮುನ್ನಿನ ಲಾಭ) ಮೊದಲ 6 ಲಕ್ಷದವರೆಗೆ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು. ಉಳಿದದ್ದರಲ್ಲಿ ಶೇ 60. ಮಾರ್ಚ್ ಕೊನೆಗೆ ಪತ್ರ ತಿದ್ದಿ ಹಿಂದಿನ ಏಪ್ರಿಲ್‌ನಿಂದ ಸಂಬಳ ಎಂದು ಬರೆಯುವುದು ನಡೆಯುವುದಿಲ್ಲ. 2025ರ ಏಪ್ರಿಲ್‌ನಿಂದ ಈ ಸಂಬಳ, ಬಡ್ಡಿ ಸೇರಿ ಒಬ್ಬ ಪಾಲುದಾರರಿಗೆ ವರ್ಷಕ್ಕೆ 20,000 ದಾಟಿದರೆ ಫರ್ಮ್ ಶೇ 10 ಟಿಡಿಎಸ್ ಹಿಡಿಯಬೇಕು. ಇದು ಹೊಸದಾದ್ದರಿಂದ ತುಂಬ ಜನ ತಪ್ಪುತ್ತಿದ್ದಾರೆ.

ಬ್ಯಾಂಕ್ ಸಹಿ. ಇಂತಿಷ್ಟು ಮೊತ್ತದ ಮೇಲೆ ಇಬ್ಬರ ಸಹಿಯೂ ಬೇಕು ಎಂದು ಪತ್ರದಲ್ಲೂ ಬ್ಯಾಂಕಿನಲ್ಲೂ ಹಾಕಿಸಿ.

ಜಾಗ. ಗಾಣದ ಶೆಡ್ ಒಬ್ಬ ಪಾಲುದಾರರ ಸ್ವಂತ ನಿವೇಶನದಲ್ಲಿದ್ದರೆ ಆ ನಿವೇಶನವನ್ನು ಬಂಡವಾಳವೆಂದು ಫರ್ಮ್‌ಗೆ ತರಬೇಡಿ. ತಂದರೆ ಅದು ಫರ್ಮ್‌ನ ಸ್ವತ್ತಾಗುತ್ತದೆ, ಬೇರೆಯಾಗುವಾಗ ಮರಳಿ ಪಡೆಯಲು ತೆರಿಗೆ ಮತ್ತು ತಕರಾರು ಎರಡೂ ಕಾದಿರುತ್ತವೆ. ಬಾಡಿಗೆ ಕರಾರು ಮಾಡಿಕೊಳ್ಳುವುದು ಲೇಸು.

ಹೊರಹೋಗುವ ದಾರಿ. ಅವಧಿ ಹೇಳದ ಪಾಲುದಾರಿಕೆಯನ್ನು ಯಾರೊಬ್ಬರೂ ಒಂದು ನೋಟಿಸ್ ಕೊಟ್ಟು ವಿಸರ್ಜಿಸಬಹುದು. ಎಷ್ಟು ತಿಂಗಳ ಮುನ್ಸೂಚನೆ, ಪಾಲಿನ ಬೆಲೆ ಕಟ್ಟುವವರು ಯಾರು, ಎಷ್ಟು ಕಂತು, ಬ್ರ್ಯಾಂಡ್ ಹೆಸರು ಯಾರಿಗೆ ಉಳಿಯುತ್ತದೆ ಎಲ್ಲ ಬರೆಯಿರಿ. ಹೊರಹೋಗುವವರು ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರದಲ್ಲಿ ಮತ್ತು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲೇಬೇಕು, ಇಲ್ಲದಿದ್ದರೆ ಆಮೇಲಿನ ಸಾಲಕ್ಕೂ ಅವರ ಹೆಸರು ತಗುಲಿಕೊಂಡೇ ಇರುತ್ತದೆ.

ಸಾವು. ಒಬ್ಬರು ತೀರಿಕೊಂಡರೂ ಫರ್ಮ್ ಮುಂದುವರಿಯುತ್ತದೆ ಎಂದು ಬರೆಯಬಹುದು, ಆದರೆ ಇಬ್ಬರೇ ಇರುವ ಫರ್ಮ್‌ನಲ್ಲಿ ಆ ಮಾತು ಕೆಲಸ ಮಾಡದು. ಒಬ್ಬರಿಂದ ಪಾಲುದಾರಿಕೆ ಆಗುವುದಿಲ್ಲ. ಮೂರನೆಯವರಾಗಿ ಮನೆಯವರೊಬ್ಬರನ್ನು ಸಣ್ಣ ಪಾಲಿಗೆ ಸೇರಿಸಿಕೊಳ್ಳುವುದು ರೂಢಿಯಲ್ಲಿರುವ ಉಪಾಯ. ಅವರಿಗೂ ಪೂರ್ತಿ ಹೊಣೆ ಬರುತ್ತದೆ ಅನ್ನುವುದನ್ನು ಹೇಳಿಯೇ ಸಹಿ ಹಾಕಿಸಿ.

ತೆರಿಗೆಯಲ್ಲಿ ಫರ್ಮ್‌ಗೆ ಹಂತದ ದರ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ ಶೇ 31.2. ತೆರಿಗೆ ಕಟ್ಟಿ ಉಳಿದ ಲಾಭ ಪಾಲುದಾರರ ಕೈಗೆ ಬಂದಾಗ ಮತ್ತೆ ತೆರಿಗೆ ಇಲ್ಲ. 44ಎಡಿ ಫರ್ಮ್‌ಗೂ ಇದೆ, ಆದರೆ ಆ ಅಂದಾಜು ಲಾಭದಿಂದ ಪಾಲುದಾರರ ಸಂಬಳ, ಬಡ್ಡಿ ಕಳೆಯುವಂತಿಲ್ಲ. ಗಾಣದ ಘಟಕಕ್ಕೇ ಲೆಕ್ಕ ಹಾಕಿ. ಅಂದಾಜಿನಲ್ಲಿ ಹೋದರೆ 3.6 ಲಕ್ಷಕ್ಕೆ 1,12,320 ರೂಪಾಯಿ ತೆರಿಗೆ. ಅದೇ ಲೆಕ್ಕಪುಸ್ತಕ ಇಟ್ಟು ನಿಜವಾದ 6 ಲಕ್ಷ ಲಾಭ ತೋರಿಸಿ, ಅದರಲ್ಲಿ 5.4 ಲಕ್ಷವನ್ನು ಇಬ್ಬರಿಗೂ ಸೇರಿ ಸಂಬಳವಾಗಿ ಕೊಟ್ಟರೆ ಉಳಿದ 60,000ಕ್ಕೆ 18,720 ಮಾತ್ರ. ಹೆಚ್ಚು ಲಾಭ ತೋರಿಸಿ ಕಡಿಮೆ ತೆರಿಗೆ! ಪ್ರೊಪ್ರೈಟರ್‌ಗೆ ವರವಾದ 44ಎಡಿ ಫರ್ಮ್‌ಗೆ ಬಹಳ ಸಲ ಭಾರವೇ.

ಎಲ್‌ಎಲ್‌ಪಿ

ಪಾಲುದಾರಿಕೆಯ ತೆರಿಗೆ, ಕಂಪನಿಯ ಸೀಮಿತ ಹೊಣೆ, ಎರಡೂ ಸೇರಿದ್ದು 2008ರ ಕಾಯ್ದೆಯ ಎಲ್‌ಎಲ್‌ಪಿ. ದರ ಅದೇ ಶೇ 31.2, ಸಂಬಳದ ಮಿತಿಯೂ ಅದೇ. 44ಎಡಿ ಮಾತ್ರ ಇಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಇಬ್ಬರಿಗೂ ಡಿಜಿಟಲ್ ಸಹಿ ಮಾಡಿಸಿ ನೋಂದಾಯಿಸಬೇಕು; ನೋಂದಣಿಯಾದ 30 ದಿನದೊಳಗೆ ಎಲ್‌ಎಲ್‌ಪಿ ಒಪ್ಪಂದವನ್ನು ಫಾರಂ 3ರಲ್ಲಿ ಹಾಕಬೇಕು. ವ್ಯಾಪಾರ ಆಗಲಿ ಬಿಡಲಿ, ವರ್ಷವೂ ಮೇ 30ರೊಳಗೆ ವಾರ್ಷಿಕ ರಿಟರ್ನ್ ಆದ ಫಾರಂ 11, ಅಕ್ಟೋಬರ್ 30ರೊಳಗೆ ಲೆಕ್ಕಪತ್ರದ ಫಾರಂ 8. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರಷ್ಟೇ ಆಡಿಟ್.

ಇಬ್ಬರು, ಮೂವರು ಸೇರಿ ಸಾಲದ ಮೇಲೆ ಸರಕು ಎತ್ತುವ, ಹೊರಗಿನ ಹೂಡಿಕೆ ಬೇಡದ ವ್ಯಾಪಾರಕ್ಕೆ ಇದು ಸರಿಹೊಂದುತ್ತದೆ. ಹೊಸದಾಗಿ ಪಾಲುದಾರಿಕೆ ಮಾಡಲು ಬರುವವರಲ್ಲಿ ಅರ್ಧದಷ್ಟು ಜನಕ್ಕೆ ನಿಜವಾಗಿ ಬೇಕಾದದ್ದು ಇದೇ ಎಂಬುದು ನಮ್ಮ ಅಭಿಪ್ರಾಯ. ಪಾಲುದಾರಿಕೆ ಪತ್ರಕ್ಕೆ ಮೇಲೆ ಹೇಳಿದ್ದೆಲ್ಲ ಎಲ್‌ಎಲ್‌ಪಿ ಒಪ್ಪಂದದಲ್ಲೂ ಇರಲಿ.

ಕಂಪನಿ

ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು. ಅದೇ ಇಬ್ಬರೇ ಎರಡೂ ಆಗಬಹುದು. ಒಬ್ಬರೇ ಆದರೆ ಒಪಿಸಿ, ಅದಕ್ಕೊಬ್ಬ ನಾಮಿನಿ ಬೇಕು. ಸ್ಪೈಸ್ ಪ್ಲಸ್ ಎಂಬ ಕಂಪನಿ ನೋಂದಣಿ ಅರ್ಜಿಯಲ್ಲೇ ಪ್ಯಾನ್, ಟ್ಯಾನ್, ಪಿಎಫ್, ಇಎಸ್‌ಐ, ಕರ್ನಾಟಕದಲ್ಲಾದರೆ ವೃತ್ತಿ ತೆರಿಗೆ ನೋಂದಣಿಯೂ ಆಗುತ್ತದೆ. 15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ, ರಾಜ್ಯದ ಮುದ್ರಾಂಕ ಶುಲ್ಕ ಇದೆ. "ಇಷ್ಟು ರೂಪಾಯಿಗೆ ಕಂಪನಿ ಮಾಡಿಕೊಡುತ್ತೇವೆ" ಎಂಬ ಜಾಹೀರಾತುಗಳು ಇಷ್ಟನ್ನೇ ಹೇಳಿ ಸುಮ್ಮನಾಗುತ್ತವೆ.

ಹೇಳದೆ ಬಿಡುವುದು ಮುಂದಿನದು. ಷೇರು ಹಣವನ್ನು ಕಂಪನಿ ಖಾತೆಗೆ ಹಾಕಿ, ನೋಂದಣಿಯಾದ 180 ದಿನದೊಳಗೆ ವ್ಯಾಪಾರ ಆರಂಭದ ಘೋಷಣೆಯಾದ ಐಎನ್‌ಸಿ-20ಎ ಫಾರಂ ಸಲ್ಲಿಸಬೇಕು. ತಪ್ಪಿದರೆ ಕಂಪನಿಗೆ 50,000 ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ 1 ಲಕ್ಷದವರೆಗೆ. 30 ದಿನದಲ್ಲಿ ಆಡಿಟರ್ ನೇಮಕ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಆಡಿಟ್ ಕಡ್ಡಾಯ. ಪ್ರತಿ ವರ್ಷ ಲೆಕ್ಕಪತ್ರದ ಎಒಸಿ-4 ಮತ್ತು ವಾರ್ಷಿಕ ರಿಟರ್ನ್ ಆದ ಎಂಜಿಟಿ-7ಎ ಫಾರಂ. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಇದಕ್ಕೆ ಮೇಲ್ಮಿತಿ ಇಲ್ಲ. ಎರಡೂ ಫಾರಂ ಒಂದು ವರ್ಷ ಮರೆತರೆ 73,000. "ವ್ಯಾಪಾರ ನಿಲ್ಲಿಸಿದ್ದೇವಲ್ಲ" ಎಂದು ಸುಮ್ಮನಿದ್ದವರು ಮೂರ್ನಾಲ್ಕು ವರ್ಷದ ಮೇಲೆ ಕಂಪನಿ ಮುಚ್ಚಲು ಹೋದಾಗ ಬಂಡವಾಳಕ್ಕಿಂತ ದಂಡವೇ ದೊಡ್ಡದಾಗಿರುತ್ತದೆ. ನೋಂದಣಿಯ ಖರ್ಚು ಕೇಳಬೇಡಿ, ವರ್ಷದ ಖರ್ಚೆಷ್ಟು ಎಂದು ಆಡಿಟರ್‌ರಿಂದ ಬರಹದಲ್ಲಿ ಪಡೆಯಿರಿ.

ಸೀಮಿತ ಹೊಣೆ ಎಲ್ಲಿಯವರೆಗೆ ಕಾಯುತ್ತದೆ ಅನ್ನುವುದೂ ತಿಳಿದಿರಲಿ. ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕ್ ಸಾಮಾನ್ಯವಾಗಿ ನಿರ್ದೇಶಕರ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತದೆ. ಆ ಸಹಿ ಬಿದ್ದ ಮೇಲೆ ಬ್ಯಾಂಕಿನ ಮಟ್ಟಿಗೆ ನೀವು ಪ್ರೊಪ್ರೈಟರ್ ಇದ್ದ ಹಾಗೆಯೇ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಬಾಕಿಯನ್ನೂ ನಿರ್ದೇಶಕರಿಂದ ಕೇಳಬಹುದು. ಬಾಕಿಗೆ ತಮ್ಮ ನಿರ್ಲಕ್ಷ್ಯ ಕಾರಣವಲ್ಲ ಎಂದು ಅವರೇ ಸಾಬೀತು ಮಾಡಬೇಕು. ರಕ್ಷಣೆ ನಿಜವಾಗಿ ಸಿಗುವುದು ಸರಕು ಸಾಲ ಕೊಟ್ಟವರಿಂದ, ಗಿರಾಕಿಗಳ ದಾವೆಯಿಂದ.

ಇನ್ನೊಂದು, ಕಂಪನಿ ಖಾತೆಯ ಹಣ ನಿಮ್ಮದಲ್ಲ. ಮಗಳ ಮದುವೆಗೆಂದು ಕಂಪನಿಯಿಂದ ಸಾಲ ತೆಗೆದರೆ ತೆರಿಗೆ ಇಲಾಖೆ ಅದನ್ನು ಲಾಭಾಂಶವೆಂದು ಭಾವಿಸಿ ತೆರಿಗೆ ಹಾಕಬಹುದು. ಪ್ರೊಪ್ರೈಟರ್ ಆಗಿ ಗಲ್ಲಾಪೆಟ್ಟಿಗೆಗೆ ಕೈಹಾಕಿ ರೂಢಿಯಾದವರಿಗೆ ಬಿಡಲು ಅತಿ ಕಷ್ಟದ ಚಟ ಇದೇ.

ತೆರಿಗೆಯ ಲೆಕ್ಕ

ಈಗ ಆ ಕೊನೆಯ ಪ್ರಶ್ನೆ. ಸಣ್ಣ ಕಂಪನಿಗಳು ಆರಿಸುವ ಶೇ 22ರ ದರ ಸರ್‌ಚಾರ್ಜ್, ಸೆಸ್ ಸೇರಿ ಶೇ 25.168. ವ್ಯಕ್ತಿಗೆ ಹೊಸ ಪದ್ಧತಿಯ ಹಂತ ದರ.

ಲಾಭ 10 ಲಕ್ಷ: ಪ್ರೊಪ್ರೈಟರ್‌ಗೆ ಸೊನ್ನೆ. ಇಬ್ಬರ ಫರ್ಮ್ ಅಥವಾ ಎಲ್‌ಎಲ್‌ಪಿಯಲ್ಲಿ 7.8 ಲಕ್ಷದವರೆಗೆ ಸಂಬಳ ಕಳೆದು ಉಳಿದ 2.2 ಲಕ್ಷಕ್ಕೆ 68,640. ಸಂಬಳ ತೆಗೆಯದ ಕಂಪನಿಗೆ 2,51,680.

ಲಾಭ 24 ಲಕ್ಷ: ಪ್ರೊಪ್ರೈಟರ್‌ಗೆ 3,12,000. ಸಂಬಳ ತೆಗೆಯದ ಕಂಪನಿಗೆ 6,04,032.

ಎರಡೂ ಸಮವಾಗುವುದು ಲಾಭ ಸುಮಾರು 52.5 ಲಕ್ಷ ಮುಟ್ಟಿದಾಗ. ಅದೂ ಲಾಭವನ್ನೆಲ್ಲ ಕಂಪನಿಯಲ್ಲೇ ಬಿಟ್ಟರೆ. ಲಾಭಾಂಶವಾಗಿ ಮನೆಗೆ ತಂದರೆ ನಿಮ್ಮ ಕೈಯಲ್ಲಿ ಇನ್ನೊಮ್ಮೆ ತೆರಿಗೆ.

ಕಂಪನಿಯ ಪರವಾಗಿ ಒಂದು ನ್ಯಾಯವಾದ ಮಾತಿದೆ. ನಿರ್ದೇಶಕರಾಗಿ ದುಡಿದು ಸಂಬಳ ಪಡೆದರೆ ಅದು ಕಂಪನಿಗೆ ಖರ್ಚು, ನಿಮಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ತೆರಿಗೆ ಇಲ್ಲ. ನಿಜವಾಗಿ ಇಬ್ಬರು ದುಡಿಯುವ ಕಡೆ ಇದು ಲೆಕ್ಕವನ್ನೇ ಬದಲಿಸುತ್ತದೆ. ಹೆಂಡತಿಯನ್ನೋ ಗಂಡನನ್ನೋ ಹೆಸರಿಗೆ ನಿರ್ದೇಶಕರಾಗಿಸಿ ಸಂಬಳ ತೋರಿಸುವುದು ಮಾತ್ರ ಬೇಡ. ವ್ಯಾಪಾರದಲ್ಲಿ ನಿಮಗೆ ಗಣನೀಯ ಪಾಲಿದ್ದು, ಅವರಿಗೆ ಆ ಕೆಲಸದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇಲ್ಲದಿದ್ದರೆ ಆ ಸಂಬಳವನ್ನು ನಿಮ್ಮ ಆದಾಯಕ್ಕೇ ಸೇರಿಸುತ್ತಾರೆ.

ಜಿಎಸ್‌ಟಿ: ರೂಪ ಯಾವುದಾದರೂ ಒಂದೇ, ಪ್ಯಾನ್ ಮಾತ್ರ ಬೇರೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂಬ ಚೀಟಿಗಳು ಅಂಗಡಿ ಅಂಗಡಿಯಲ್ಲಿ ಅಂಟಿದ್ದು ನೆನಪಿರಬಹುದು. ಸ್ಕ್ಯಾನರ್ ತೆಗೆದರೆ ಜಿಎಸ್‌ಟಿ ನೋಂದಣಿಯ ವಹಿವಾಟು ಮಿತಿ ಬದಲಾಗುವುದಿಲ್ಲ, ನಗದೂ ವಹಿವಾಟೇ.

ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಈ "ಬರೀ" ಅನ್ನುವುದರಲ್ಲೇ ಎಲ್ಲ ಇದೆ. ಗಾಣದ ಘಟಕ ರೈತರ ಕಡಲೆಕಾಯಿಯನ್ನು ಕೂಲಿಗೆ ಆಡಿಸುವುದು ಸೇವೆ. ಕೂಲಿ ವರ್ಷಕ್ಕೆ 50,000 ಬಂದರೂ ಸಾಕು, ಅವರು ಇನ್ನು ಬರೀ ಸರಕಿನವರಲ್ಲ, ಅವರ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಮೊದಲ ವರ್ಷದ 30 ಲಕ್ಷಕ್ಕೇ ನೋಂದಣಿ ಬೇಕಾಯಿತು. ಪ್ರೊಪ್ರೈಟರ್‌ಗೆ ಪೇಟೆಯಲ್ಲಿ ಒಂದು ಮಳಿಗೆ ಇದ್ದು ಬಾಡಿಗೆ ಬರುತ್ತಿದ್ದರೆ ಅದೂ ಸೇವೆ, ಅದೇ ಪ್ಯಾನ್. ಒಂದೇ ಪ್ಯಾನ್‌ನ ಎಲ್ಲ ವ್ಯಾಪಾರ ಒಟ್ಟು ಸೇರುತ್ತದೆ, ತೆರಿಗೆ ವಿನಾಯಿತಿ ಇರುವ ಸರಕಿನ ಮಾರಾಟವೂ. ಹಾಲು, ತರಕಾರಿಯಂಥ ವಿನಾಯಿತಿ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಡ; ಅದರ ಜೊತೆ ಬಿಸ್ಕೆಟ್, ಸಿಗರೇಟ್ ಇಟ್ಟರೆ ಹಾಲಿನ ವಹಿವಾಟೂ ಮಿತಿಯ ಲೆಕ್ಕಕ್ಕೆ ಬರುತ್ತದೆ. ಹೊರರಾಜ್ಯಕ್ಕೆ ತೆರಿಗೆಯ ಸರಕು ಕಳಿಸುವವರಿಗೆ ಮಿತಿಯೇ ಇಲ್ಲ, ಮೊದಲ ಬಾಟಲಿಯಿಂದಲೇ ನೋಂದಣಿ.

ನೋಂದಣಿ ಆದ ಮೇಲೆ ಎರಡು ದಾರಿ: ವಹಿವಾಟಿನ ಮೇಲೆ ಸಣ್ಣ ದರ ಕಟ್ಟಿ ಮುಗಿಸುವ ಕಾಂಪೊಸಿಷನ್, ಅಥವಾ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡಿ ಕಟ್ಟುವ ರೆಗ್ಯುಲರ್. ಕಾಂಪೊಸಿಷನ್‌ನಲ್ಲಿ ವಹಿವಾಟು 1.5 ಕೋಟಿಯವರೆಗೆ ತಯಾರಕರು ಮತ್ತು ವ್ಯಾಪಾರಿಗಳಿಗೆ ಶೇ 1, ಹೋಟೆಲ್‌ಗೆ ಶೇ 5. ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ಹೊರರಾಜ್ಯಕ್ಕೆ ಮಾರುವಂತಿಲ್ಲ. ಸೇವೆ ವಹಿವಾಟಿನ ಶೇ 10 ಅಥವಾ 5 ಲಕ್ಷ, ಯಾವುದು ಹೆಚ್ಚೋ ಅಷ್ಟರೊಳಗೆ ಇರಬಹುದು, ಹಾಗಾಗಿ ಗಾಣದ ಕೂಲಿಗೆ ತೊಂದರೆ ಇಲ್ಲ. ಯಂತ್ರ, ಬಾಟಲಿ, ಮುಚ್ಚಳ, ಲೇಬಲ್‌ಗೆ ಕೊಟ್ಟ ಜಿಎಸ್‌ಟಿ ಮರಳಿ ಸಿಗದು. ಗಿರಾಕಿಗಳೆಲ್ಲ ಮನೆಯವರೇ ಆಗಿದ್ದರೆ ಕಾಂಪೊಸಿಷನ್ ಸಲೀಸು. ಅಂಗಡಿಗಳಿಗೆ, ಹೋಟೆಲ್‌ಗಳಿಗೆ ಕೊಡುವುದಾದರೆ ಅವರು ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಮ್ಮ ತೆರಿಗೆಗೆ ಹೊಂದಿಸಿಕೊಳ್ಳುವುದು) ಸಿಗುವ ಬಿಲ್ ಕೇಳುತ್ತಾರೆ, ರೆಗ್ಯುಲರ್ ಬೇಕು. ಖಾದ್ಯ ತೈಲಕ್ಕೆ ಒಂದು ವಿಶೇಷ ತೊಡಕಿದೆ: ಎಣ್ಣೆಗೆ ಶೇ 5, ಪ್ಯಾಕಿಂಗ್ ಸಾಮಗ್ರಿಗೆ ಹೆಚ್ಚಿನ ದರ ಇರುವುದರಿಂದ ಉಳಿಯುವ ಕ್ರೆಡಿಟ್ಟನ್ನು 2022ರ ಜುಲೈನಿಂದ ಹಣವಾಗಿ ಮರಳಿಸುತ್ತಿಲ್ಲ. ಮುಂದಿನ ತೆರಿಗೆಗೆ ಹೊಂದಿಸಿಕೊಳ್ಳಬೇಕು ಅಷ್ಟೇ.

ಕೆಲಸದ ಸರದಿ

1. ಬ್ರ್ಯಾಂಡ್ ಹೆಸರನ್ನು ಟ್ರೇಡ್‌ಮಾರ್ಕ್ ಪೋರ್ಟಲ್‌ನಲ್ಲಿ ಹುಡುಕಿ. ಕಂಪನಿ ಹೆಸರು ಸಿಕ್ಕ ಮಾತ್ರಕ್ಕೆ ಬ್ರ್ಯಾಂಡ್ ನಿಮ್ಮದಾಗದು. ಅರ್ಜಿ ಶುಲ್ಕ ಆನ್‌ಲೈನ್‌ನಲ್ಲಿ ವ್ಯಕ್ತಿ ಮತ್ತು ಸಣ್ಣ ಉದ್ಯಮಕ್ಕೆ 4,500, ಉಳಿದವರಿಗೆ 9,000.
2. ರೂಪ ತೀರ್ಮಾನಿಸಿ ಪತ್ರ ಅಥವಾ ನೋಂದಣಿ, ಆಮೇಲೆ ಹೊಸ ಪ್ಯಾನ್. ಪ್ರೊಪ್ರೈಟರ್‌ಗೆ ಈ ಹೆಜ್ಜೆ ಇಲ್ಲ.
3. ಜಾಗದ ಬಾಡಿಗೆ ಕರಾರು ವ್ಯಾಪಾರದ ಹೆಸರಿನಲ್ಲೇ ಇರಲಿ. ಕರಾರು ನಿಮ್ಮ ಸ್ವಂತ ಹೆಸರಲ್ಲಿ, ಅರ್ಜಿ ಫರ್ಮ್ ಹೆಸರಲ್ಲಿ ಇರುವುದು ಜಿಎಸ್‌ಟಿ ಅರ್ಜಿಗೆ ಆಕ್ಷೇಪ ಬರುವ ಸಾಮಾನ್ಯ ಕಾರಣ. ಮಾಲೀಕರ ಕರೆಂಟ್ ಬಿಲ್ಲೂ ಬೇಕು.
4. ಉದ್ಯಮ್, ಕರೆಂಟ್ ಅಕೌಂಟ್, ಬೇಕಿದ್ದರೆ ಜಿಎಸ್‌ಟಿ. ಜಿಎಸ್‌ಟಿ ಸಿಕ್ಕ 30 ದಿನದೊಳಗೆ ಬ್ಯಾಂಕ್ ಖಾತೆ ಸೇರಿಸದಿದ್ದರೆ ನೋಂದಣಿ ಅಮಾನತಾಗುತ್ತದೆ.
5. ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಪರವಾನಗಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಶುರುವಾದ 30 ದಿನದಲ್ಲಿ ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ.
6. ವೃತ್ತಿ ತೆರಿಗೆ: ಜಿಎಸ್‌ಟಿ ಇರುವವರು ವರ್ಷಕ್ಕೆ 2,500, ಏಪ್ರಿಲ್ 30ರೊಳಗೆ. ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳದ ಕೆಲಸಗಾರರಿದ್ದರೆ ಅವರದ್ದನ್ನು ಹಿಡಿದು ಕಟ್ಟುವುದೂ ನಿಮ್ಮ ಕೆಲಸ.

ಆಮೇಲೆ ರೂಪ ಬದಲಿಸುವುದಾದರೆ

ಪ್ರೊಪ್ರೈಟರ್ ಆಗಿ ಶುರು ಮಾಡಿ ಬೆಳೆದ ಮೇಲೆ ಬದಲಿಸಬಹುದು, ಹೆಚ್ಚಿನವರಿಗೆ ಅದೇ ಸರಿ. ಆದರೆ ಪ್ಯಾನ್ ಬದಲಾದ ಕೂಡಲೇ ಜಿಎಸ್‌ಟಿ, ಬ್ಯಾಂಕ್ ಖಾತೆ, ಉದ್ಯಮ್, ಎಫ್‌ಎಸ್‌ಎಸ್‌ಎಐ ಎಲ್ಲ ಹೊಸದು. ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಬದಲಾಗುವುದರಿಂದ ಮುದ್ರಿಸಿಟ್ಟ ಲೇಬಲ್ ರಾಶಿ ವ್ಯರ್ಥ. ಬದಲಾವಣೆಗೆ ಮೂರು ತಿಂಗಳು ಮೊದಲೇ ಮುದ್ರಣ ಕಡಿಮೆ ಮಾಡಿ. ಆರ್ಥಿಕ ವರ್ಷದ ಅಂಚು, ಏಪ್ರಿಲ್ 1, ಇದಕ್ಕೆ ಅನುಕೂಲದ ದಿನ.

ಪ್ರೊಪ್ರೈಟರ್‌ಶಿಪ್ಪನ್ನು ಕಂಪನಿಗೆ ವಹಿಸುವಾಗ ಬಂಡವಾಳ ಲಾಭದ ತೆರಿಗೆ ಬೀಳದಿರಲು ಎಲ್ಲ ಆಸ್ತಿ, ಸಾಲ ಕಂಪನಿಗೆ ಹೋಗಬೇಕು, ಬದಲಿಗೆ ನಿಮಗೆ ಷೇರು ಮಾತ್ರ ಸಿಗಬೇಕು, 5 ವರ್ಷ ಕಂಪನಿಯ ಕನಿಷ್ಠ ಶೇ 50 ಮತ ನಿಮ್ಮಲ್ಲಿರಬೇಕು. ಎರಡನೆಯ ವರ್ಷವೇ ಹೂಡಿಕೆದಾರರಿಗೆ ದೊಡ್ಡ ಪಾಲು ಬಿಟ್ಟುಕೊಟ್ಟರೆ ಹಳೆಯ ತೆರಿಗೆ ಎದ್ದು ಬರುತ್ತದೆ. ಜಿಎಸ್‌ಟಿಯಲ್ಲಿ ಉಳಿದ ಕ್ರೆಡಿಟ್ಟನ್ನು ಐಟಿಸಿ-02 ಫಾರಂನಲ್ಲಿ, ಆಡಿಟರ್ ಪ್ರಮಾಣಪತ್ರದ ಜೊತೆ ಹೊಸ ನಂಬರಿಗೆ ವರ್ಗಾಯಿಸಿ, ಹೊಸ ಸಂಸ್ಥೆಯ ಲಾಗಿನ್‌ನಿಂದ ಒಪ್ಪಿಗೆ ಕೊಡಿ. ಅದು ಮುಗಿದ ಮೇಲೆಯೇ ಹಳೆಯ ನೋಂದಣಿ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಸಲ್ಲಿಸಿ.